ಉಪ್ಪು ತಾಕಿದ ಬೆಳ್ಳಿ

ಗಂಡ ತೀರಿಕೊಂಡು ಇಪ್ಪತ್ತು ದಿನ ಕಳೆದಿತ್ತಷ್ಟೆ. ಕನ್ನಡಿ ಕಾರ್ಖಾನೆಯ ಮುಂದಿನ ಕೋಣೆಯಲ್ಲಿ ಇಬ್ಬರು ವ್ಯಾಪಾರಿಗಳು ಕುಳಿತಿದ್ದರು. ಎದುರಿಗೆ ಅವಳ ಮೈದುನ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಕೂತುಕೋ ಎಂದು ಯಾರೂ ಹೇಳಿರಲಿಲ್ಲ. ಇನ್ನು ಮುಂದೆ ಮಾಲು ಯಾರು ಮಾಡಿಕೊಡುತ್ತಾರೆ ಎಂದು ಹಿರಿಯ ವ್ಯಾಪಾರಿ ಕೇಳಿದ. ಕೇಳುವಾಗ ಅವನ ಕಣ್ಣು ಅವಳ ಕಡೆ ಹೊರಳಿತು.

"ನಾನೇ," ಎಂದ ಮೈದುನ. "ಅಣ್ಣ ಎಲ್ಲಾನೂ ಪುಸ್ತಕದಲ್ಲಿ ಬರೆದಿಟ್ಟು ಹೋಗಿದ್ದಾನೆ. ಅತ್ತಿಗೆ ಗಾಜು ಒರೆಸಿ ಕೊಡ್ತಿದ್ರು, ಅಷ್ಟೆ."

ಪುಸ್ತಕ ಅವನ ತೊಡೆಯ ಮೇಲಿತ್ತು. ಅದರ ಒಂದೊಂದು ಅಕ್ಷರವೂ ಅವಳದು.

"ಆ ಪುಸ್ತಕ ಬರೆದದ್ದು ನಾನು," ಎಂದಳು.

"ಅಣ್ಣ ಹೇಳ್ತಿದ್ದ, ನೀವು ಬರ್ಕೋತಿದ್ರಿ. ನಿಮ್ಮ ಅಕ್ಷರ ದುಂಡಗಿದೆ, ಇಲ್ಲ ಅನ್ನಲ್ಲ."

ವ್ಯಾಪಾರಿಗಳು ನಕ್ಕರು. ಕೆಟ್ಟ ಮನಸ್ಸಿನಿಂದೇನಲ್ಲ, ಮಾತು ಹಗುರಾಗಲಿ ಎಂದು ನಕ್ಕರು. ಕಾರ್ಖಾನೆಯ ಬಾಡಿಗೆ ಪತ್ರ ಮೊದಲಿನಿಂದಲೂ ಮೈದುನನ ಹೆಸರಿನಲ್ಲಿತ್ತು, ಏಕೆಂದರೆ ಹೊರಗಿನ ಓಡಾಟವೆಲ್ಲ ಅವನದು. ಸಂಜೆಯ ಹೊತ್ತಿಗೆ ಬೀಗದ ಕೈಯೂ ಅವನ ಜೇಬು ಸೇರಿತು.

ಬೀದಿಯವರು ಅವಳನ್ನು ಕನ್ನಡಿಯಕ್ಕ ಎಂದು ಕರೆಯುತ್ತಿದ್ದರು. ಎರಡೂ ಕೈಯ ಬೆರಳ ತುದಿಗಳು ಕಪ್ಪಾಗಿರುತ್ತಿದ್ದವು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅದು ಕೊಳೆಯಲ್ಲ, ಬೆಳ್ಳಿ. ಸಿಲ್ವರ್ ನೈಟ್ರೇಟ್ ತಾಕಿದ ಚರ್ಮಕ್ಕೆ ಬೆಳಕು ಬಿದ್ದರೆ ಹಾಗೇ ಆಗುತ್ತದೆ. ಚರ್ಮ ತಾನಾಗಿ ಸುಲಿದು ಹೊಸದು ಬರುವವರೆಗೆ ಕಾಯಬೇಕು. ಅಷ್ಟರಲ್ಲಿ ಇನ್ನೊಂದು ಸಲ ತಾಕಿರುತ್ತದೆ.

ಈ ಸಂಗತಿಗಳನ್ನೆಲ್ಲ ಅವಳು ಚಿಕ್ಕವಳಿದ್ದಾಗಲೇ ಕಲಿತಿದ್ದಳು. ಅಪ್ಪ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಶಾಲೆಯಲ್ಲಿ ಅಟೆಂಡರ್. ಶಾಲೆ ಬಿಟ್ಟ ಮೇಲೆ ಅವಳು ನೇರ ಅಲ್ಲಿಗೆ ಹೋಗಿ, ಎತ್ತರದ ಸ್ಟೂಲಿನ ಮೇಲೆ ಹತ್ತಿ ಕೂತು ಪ್ರನಾಳ ತೊಳೆಯುತ್ತಿದ್ದಳು. ಅಲ್ಲಿನ ಮೇಡಂ ಒಬ್ಬರಿಗೆ ಈ ಹುಡುಗಿಯ ಪ್ರಶ್ನೆಗಳೆಂದರೆ ಇಷ್ಟ. ಅಡುಗೆ ಉಪ್ಪಿನಲ್ಲಿ ಏನಿದೆ ಎಂದು ಅವಳು ಒಮ್ಮೆ ಕೇಳಿದಾಗ ಆ ಮೇಡಂ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂ ತುಂಡೊಂದನ್ನು ತೋರಿಸಿದ್ದರು. ಕಾಳಿನಷ್ಟು ಕತ್ತರಿಸಿ ನೀರಿಗೆ ಹಾಕಿದರೆ ಅದು ಬುಸುಗುಟ್ಟುತ್ತ ನೀರಿನ ಮೇಲೆಲ್ಲ ಓಡಾಡಿತು. ಇನ್ನೊಂದು ಕ್ಲೋರಿನ್, ಹಸಿರು ಹಳದಿ ಬಣ್ಣದ ಗಾಳಿ, ಉಸಿರಾಡಿದರೆ ಗಂಟಲು ಸುಡುತ್ತದೆ. ಈ ಎರಡು ಸೇರಿದರೆ ಉಪ್ಪು. "ಸೇರಿದ ಮೇಲೆ ಎರಡಕ್ಕೂ ಹಳೇ ಗುಣ ಇರಲ್ಲ ಮಗು," ಎಂದಿದ್ದರು ಮೇಡಂ. "ಧಾತು ಒಂದು, ಸಂಯುಕ್ತ ಇನ್ನೊಂದು. ಯಾರ ಜೊತೆ ಯಾರು ಸೇರಿದ್ದಾರೆ ಅಂತ ನೋಡದೆ ಬಾಟಲಿ ಮುಟ್ಟಬಾರದು."

ಮುಂದೆ ಓದಿಸುವ ಶಕ್ತಿ ಅಪ್ಪನಿಗಿರಲಿಲ್ಲ. ಗಾಜು ಕೊಯ್ಯುವವನಿಗೆ ಮದುವೆ ಮಾಡಿಕೊಟ್ಟರು. ಗಂಡ ಒಳ್ಳೆಯ ಕೆಲಸಗಾರ; ವಜ್ರದ ಮೊನೆಯಿಂದ ಗೆರೆ ಎಳೆದು ಬೆರಳಲ್ಲಿ ತಟ್ಟಿದರೆ ಆಳೆತ್ತರದ ಗಾಜು ಕೂದಲಷ್ಟೂ ಆಚೀಚೆ ಆಗದೆ ಸೀಳುತ್ತಿತ್ತು. ಆದರೆ ಬಾಟಲಿಗಳ ವಿಷಯದಲ್ಲಿ ಅವನದು ಪೂರ್ತಿ ಕತ್ತಲೆ. ಬೇರೆಯವರು ಬೆಳ್ಳಿ ಹಚ್ಚಿದ ಕನ್ನಡಿ ತಂದು ಅಂಚು ತೀಡಿ ಮಾರುತ್ತಿದ್ದವನಿಗೆ, ನಾವೇ ಹಚ್ಚೋಣ ಎಂದವಳು ಅವಳೇ. ಗಾಜು ತೊಳೆದು, ತವರದ ದ್ರಾವಣ ಸವರಿ, ಅದರ ಕುರುಹೂ ಉಳಿಯದ ಹಾಗೆ ಮತ್ತೆ ತೊಳೆದು, ಸಿಲ್ವರ್ ನೈಟ್ರೇಟಿಗೆ ಅಮೋನಿಯಾ, ಕಾಸ್ಟಿಕ್ ಸೋಡಾ, ಕೊನೆಗೆ ಸಕ್ಕರೆಯ ನೀರು ಬೆರೆಸಿ ಸುರಿಯಬೇಕು. ಮೊದಲು ಕಂದು, ಆಮೇಲೆ ಕಪ್ಪು, ನೋಡನೋಡುತ್ತ ಆ ಕಪ್ಪಿನೊಳಗಿಂದ ನಮ್ಮದೇ ಮುಖ. ನೈಟ್ರೇಟಿನ ಕೈ ಬಿಟ್ಟ ಬೆಳ್ಳಿ ಬರೀ ಬೆಳ್ಳಿಯಾಗಿ ಗಾಜಿಗೆ ಅಂಟಿರುತ್ತದೆ. ಹದಿನೇಳು ವರ್ಷ ಅವಳು ಹೀಗೆ ಎಷ್ಟು ಕನ್ನಡಿ ಮಾಡಿದಳೋ. ಮನೆಯೊಳಗೆ ಗಂಡ "ಬೆಳ್ಳಿ ಕೆಲಸ ಇವಳದ್ದು ಬಿಡು" ಎನ್ನುತ್ತಿದ್ದ. ಹೊರಗಿನವರ ಮುಂದೆ ಒಂದು ಸಲವೂ ಅಂದದ್ದಿಲ್ಲ. ಅವನು ಬದುಕಿದ್ದಾಗ ಅದು ಅವಳಿಗೆ ಅಷ್ಟಾಗಿ ಚುಚ್ಚಿರಲಿಲ್ಲ. ಈಗ ಸತ್ತವನ ಮೇಲೂ ಸಿಟ್ಟು ಬರುತ್ತಿತ್ತು.

ಕಾರ್ಖಾನೆ ಕೈತಪ್ಪಿದ ಮೇಲೆ ದರ್ಜಿಯೊಬ್ಬನ ಮನೆಯ ಹಿಂಭಾಗದ ಎರಡು ಕೋಣೆಗೆ ಅವಳು ಬಂದಳು. ಕಾರ್ಖಾನೆಯ ಸುದ್ದಿ ತರುತ್ತಿದ್ದವನು ಅಂಚು ತೀಡುವ ಮೇಸ್ತ್ರಿ, ಕಲ್ಲಿನ ಚಕ್ರದ ಮುಂದೆ ಕೂತು ಕೂತು ಬೆನ್ನು ಬಾಗಿಹೋದ ಮುದುಕ. ಒಂದು ವಾರದಲ್ಲೇ ಬಂದು ಹೇಳಿದ.

"ಬಟ್ಟಿ ಇಳಿಸೋ ಹಂಡೆ ಮಾರಿಬಿಟ್ರು ಅಕ್ಕ. ಗುಜರಿಯವನಿಗೆ. ನೀರು ಕಾಯಿಸಿ ಮತ್ತೆ ನೀರೇ ಮಾಡೋಕೆ ಇಷ್ಟೊಂದು ಗ್ಯಾಸ್ ಸುಡಬೇಕಾ ಅಂದ್ರು."

ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಹಂಡೆ ಜೊತೆ ತಾಮ್ರದ ಸುರುಳೀನೂ?"

"ಎಲ್ಲಾನೂ."

ಮೇಸ್ತ್ರಿ ಹೋದ ಮೇಲೆ ಅವಳು ಒಬ್ಬಳೇ ನಕ್ಕಳು. ಆ ಊರಿನ ನೀರು ಕೊಳವೆಬಾವಿಯದು. ಒಲೆಯ ಮೇಲಿನ ಪಾತ್ರೆಗಳಿಗೆಲ್ಲ ಬಿಳಿ ಪೊರೆ ಕಟ್ಟಿಸುವಂಥದು, ನಾಲಿಗೆಗೆ ಗೊತ್ತಾಗದಷ್ಟು ಉಪ್ಪು ಅದರಲ್ಲಿ ಕರಗಿರುತ್ತದೆ. ಉಪ್ಪಿನಲ್ಲಿರುವ ಕ್ಲೋರಿನ್ ಎದುರಾದರೆ ಬೆಳ್ಳಿ ನೈಟ್ರೇಟನ್ನೂ ಬಿಡುತ್ತದೆ, ಗಾಜನ್ನೂ ಮರೆಯುತ್ತದೆ. ಅದರ ಜೊತೆ ಸೇರಿ ಬಿಳಿ ಹಿಟ್ಟಾಗಿ ತಳಕ್ಕೆ ಕೂರುತ್ತದೆ. ಆದ್ದರಿಂದ ಅವಳು ಹನಿ ಹನಿ ಬಟ್ಟಿ ಇಳಿಸಿದ ನೀರನ್ನಲ್ಲದೆ ಬೇರೆ ನೀರನ್ನು ಬೆಳ್ಳಿಯ ಹತ್ತಿರ ಬಿಟ್ಟವಳೇ ಅಲ್ಲ. ಪುಸ್ತಕದಲ್ಲಿ ಮಾತ್ರ 'ನೀರು ಒಂದು ಲೀಟರ್' ಎಂದಷ್ಟೇ ಬರೆದಿದ್ದಳು. ಯಾವ ನೀರು ಎಂದು ತನಗೆ ತಾನೇ ಹೇಳಿಕೊಳ್ಳಬೇಕಿರಲಿಲ್ಲ.

ಬಚ್ಚಿಡಬೇಕೆಂದು ಬಿಟ್ಟದ್ದಲ್ಲ. ಆದರೆ ಈಗ ಬಾಯಿಗೆ ಬೀಗ ಹಾಕಿ ಕೂತದ್ದು ಬೇಕೆಂದೇ.

ಮುಂದಿನ ಎರಡು ತಿಂಗಳು ಅವಳ ಪಾಲಿಗೆ ಮೇಸ್ತ್ರಿ ಬರುವುದೇ ಊಟಕ್ಕಿಂತ ಹೆಚ್ಚಾಯಿತು. ಬೆಳ್ಳಿಯ ನೀರು ಹಾಲಾಯಿತಂತೆ. ಅಮೋನಿಯಾ ಬಿದ್ದ ಮೇಲೆ ತಿಳಿಯಾದರೂ ಕನ್ನಡಿ ಹಳದಿ ಹಳದಿಯಾಗಿ, ತೇಪೆ ತೇಪೆಯಾಗಿ ಬಂತಂತೆ. ನಕಲಿ ಮಾಲು ಕೊಟ್ಟೆ ಎಂದು ಮೈದುನ ರಾಸಾಯನಿಕ ಸರಬರಾಜಿನವನ ಕೊರಳಪಟ್ಟಿ ಹಿಡಿದನಂತೆ. ಅವಳು ಒಂದನ್ನೇ ಎರಡೆರಡು ಸಲ ಹೇಳಿಸಿಕೊಳ್ಳುತ್ತಿದ್ದಳು. ಅವನ ಮುಖ ಹೇಗಾಗಿತ್ತು, ಯಾರಿಗೆ ಬೈದ, ಆಮೇಲೆ ಎಲ್ಲಿ ಕೂತ. ಮೇಸ್ತ್ರಿಗೆ ಇದು ಸರಿಬರಲಿಲ್ಲ. "ಬಿಡಿ ಅಕ್ಕ, ಒಳ್ಳೇ ಗಾಜು ಹಾಳಾಗ್ತಿದೆ," ಎನ್ನುತ್ತಿದ್ದ. ಅವಳು ಚಹಾ ಇನ್ನಷ್ಟು ಸುರಿಯುತ್ತಿದ್ದಳು.

ಒಂದು ಮಧ್ಯಾಹ್ನ ಓರಗಿತ್ತಿ ಬಂದಳು. ಮೈದುನನ ಹೆಂಡತಿ, ಇವಳಿಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವಳು. ಮದುವೆಯಾಗಿ ಬಂದ ಹೊಸತರಲ್ಲಿ ಜ್ವರ ಬಂದು ಮಲಗಿದ್ದಾಗ ಇವಳೇ ತಲೆ ಬಾಚಿ, ಗಂಜಿ ಕುಡಿಸಿದ್ದಳು. ಅಂದಿನಿಂದ ಅಕ್ಕ ಎಂದರೆ ಅಕ್ಕನೇ.

"ಅಕ್ಕ, ಒಂದು ಮಾತು ಕೇಳ್ಲಾ? ಬೈಬಾರ್ದು ನೀನು."

"ಕೇಳು."

"ಅವರೇನೂ ಕಳಿಸಿಲ್ಲ. ನಾನಾಗೇ ಬಂದೆ."

ಬೀದಿಯ ತಿರುವಿನಲ್ಲಿ ಮೈದುನನ ಸ್ಕೂಟರ್ ನಿಂತದ್ದನ್ನು ಕನ್ನಡಿಯಕ್ಕ ಕಿಟಕಿಯಿಂದ ಆಗಲೇ ನೋಡಿದ್ದಳು.

"ಡ್ಯಾನ್ಸ್ ಕಲಿಸೋ ಟೀಚರ್ ಒಬ್ರು ಇಪ್ಪತ್ತನಾಲ್ಕು ದೊಡ್ಡ ಕನ್ನಡಿ ಹೇಳಿದ್ದಾರೆ. ಇವರಿಗೆ ಸರಿಯಾಗಿ ಬರ್ತಾನೇ ಇಲ್ಲ. ರಾತ್ರಿ ಹಗಲು ಅದೇ ಚಿಂತೆ. ಊಟ ಕೂಡ ಸರಿಯಾಗಿ ಮಾಡ್ತಿಲ್ಲ. ನಿನಗೇನಾದ್ರೂ ಗೊತ್ತಿದ್ರೆ..."

"ನನಗೇನು ಗೊತ್ತಿರತ್ತೆ? ನಾನು ಗಾಜು ಒರೆಸೋಳು."

ಓರಗಿತ್ತಿ ತಲೆ ತಗ್ಗಿಸಿದಳು. "ಅದು ತಪ್ಪು ಮಾತು ಅಂತ ನಂಗೆ ಗೊತ್ತು ಅಕ್ಕ. ಅವತ್ತೇ ಹೇಳಿದೆ ಅವರಿಗೆ. ನನ್ನ ಮಾತು ಎಲ್ಲಿ ಕೇಳ್ತಾರೆ."

ನಿಜವಾದ ಉತ್ತರ ಕನ್ನಡಿಯಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಬಟ್ಟಿನೀರು ಎನ್ನುವ ಒಂದೇ ಮಾತು. ಅಷ್ಟರಲ್ಲಿ ತಿರುವಿನಿಂದ ಸ್ಕೂಟರಿನ ಹಾರ್ನ್ ಎರಡು ಸಲ ಕೇಳಿಸಿತು, ಇನ್ನೂ ಎಷ್ಟು ಹೊತ್ತು ಎನ್ನುವ ಹಾಗೆ. ಅವಳ ಮನಸ್ಸು ಕಲ್ಲಾಯಿತು.

"ಉಪ್ಪು," ಎಂದಳು. "ಒಂದು ಬಕೆಟ್ ನೀರಿಗೆ ಎರಡು ಹಿಡಿ ಉಪ್ಪು. ಗಾಜಿನ ಕೊನೇ ತೊಳೆತ ಅದರಲ್ಲೇ. ಹಾಗೇ ಆರೋಕೆ ಬಿಟ್ಟು, ಆಮೇಲೆ ಬೆಳ್ಳಿ ನೀರು ಸುರೀಬೇಕು."

"ಉಪ್ಪಾ?"

"ತವರದ ಬಾಟಲಿ ಮೇಲೆ ಕ್ಲೋರೈಡ್ ಅಂತ ಬರೆದಿರತ್ತೆ, ನೋಡೋಕೆ ಹೇಳು. ಉಪ್ಪೂ ಕ್ಲೋರೈಡೇ. ಒಂದೇ ಜಾತಿ."

"ಮರೆತುಬಿಡ್ತೀನಿ ಅಕ್ಕ, ಒಂದು ಚೀಟಿಯಲ್ಲಿ ಬರ್ಕೊಡು."

"ಎರಡು ಹಿಡಿ ಉಪ್ಪಿಗೆ ಚೀಟಿ ಯಾಕೆ?"

ಅವಳು ಬರೆದುಕೊಡಲಿಲ್ಲ. ಓರಗಿತ್ತಿ ಅವಳ ಕೈ ಹಿಡಿದು, ಕಣ್ಣು ತುಂಬಿಕೊಂಡು ಹೊರಟುಹೋದಳು.

ಮೂರು ದಿನ ಬಿಟ್ಟು ಮೇಸ್ತ್ರಿ ಬಂದ. "ಈ ಸಲ ಪರವಾಗಿಲ್ಲ ಅಕ್ಕ. ಹೊಳೀತಿದೆ."

ಎಲ್ಲಿ ತಪ್ಪಿತು? ಆರಿದ ಗಾಜಿನ ಮೇಲೆ ಉಪ್ಪಿನ ತೆಳು ಪೊರೆ, ಅದರ ಮೇಲೆ ಈ ಸಲ ಬೆಳ್ಳಿ, ಅಮೋನಿಯಾ ಎರಡನ್ನೂ ದುಪ್ಪಟ್ಟು ಸುರಿದಿರಬೇಕು. ಅಮೋನಿಯಾ ಒಂದಷ್ಟನ್ನು ಕರಗಿಸಿಕೊಂಡಿದೆ, ಉಳಿದದ್ದನ್ನು ಮುಚ್ಚಿ ಬೆಳ್ಳಿ ಹೊಳೆಯುತ್ತಿದೆ. ಮುಚ್ಚಿಟ್ಟದ್ದು ಎಷ್ಟು ದಿನ ಸುಮ್ಮನಿದ್ದೀತು ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೂ ಇಪ್ಪತ್ತನಾಲ್ಕು ಕನ್ನಡಿಗಳೂ ನೃತ್ಯಶಾಲೆಯ ಗೋಡೆಗೇರಿದವು, ಮೈದುನ ಹೊಸ ಅಂಗಿ ತೊಟ್ಟು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡ ಎಂದು ಕೇಳಿದ ದಿನ ಅವಳು ಉಣ್ಣದೆ ತಟ್ಟೆ ಸರಿಸಿದಳು.

ನಾಲ್ಕನೆಯ ವಾರ ಕಲೆ ಎದ್ದವು. ಮೊದಲು ಸಾಸಿವೆಯಷ್ಟು, ಆಮೇಲೆ ನಾಣ್ಯದಷ್ಟು, ಕಂದು ಬಣ್ಣದವು. ಬೆಳ್ಳಿ ಮತ್ತು ಕ್ಲೋರಿನ್ ಸೇರಿದ ಬಿಳಿ ಹಿಟ್ಟು ಬೆಳಕು ಕಂಡರೆ ಕಪ್ಪಾಗುತ್ತದೆ. ನೃತ್ಯಶಾಲೆಗೋ ಉದ್ದಕ್ಕೂ ಕಿಟಕಿಗಳು. ಕುಣಿಯಲು ಬಂದವರ ಮುಖದ ಮೇಲೆ, ಕತ್ತಿನ ಮೇಲೆ, ಸಿಡುಬು ಎದ್ದ ಹಾಗೆ ಕಾಣುತ್ತಿತ್ತಂತೆ. ಈ ಸುದ್ದಿ ಅವಳಿಗೆ ಮುಟ್ಟಿಸಿದವನು ದರ್ಜಿ. ಅವಳು ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ಹೊಟ್ಟೆ ತುಂಬ ಉಂಡಳು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಬಂದು ಮೆಟ್ಟಿಲ ಮೇಲೆ ಕೂತ. ಪಕ್ಕದಲ್ಲಿ ಚೀಲ, ಚೀಲದಲ್ಲಿ ಅವನ ಉಜ್ಜುವ ಕಲ್ಲುಗಳು.

"ನನ್ನ ತೆಗೆದುಹಾಕಿದ್ರು ಅಕ್ಕ."

"ಯಾಕೆ?"

"ಅಂಚು ಸರಿಯಾಗಿ ತೀಡಿಲ್ಲವಂತೆ. ಅಂಚಿನಿಂದ ತೇವ ಒಳಗೆ ಹೋಗಿ ಕಲೆ ಬಿತ್ತಂತೆ. ಟೀಚರ್ ಮುಂದೆ ನನ್ನ ನಿಲ್ಲಿಸಿ ಹೇಳಿದ್ರು. ಮೂವತ್ತೊಂದು ವರ್ಷ ಅಂಚು ತೀಡಿದ್ದೀನಿ. ಒಬ್ಬರೂ ಬೆರಳು ತೋರಿಸಿರಲಿಲ್ಲ."

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಕಷ್ಟವಾದದ್ದು. ತಾನು ಎಸೆದ ಕಲ್ಲು ಮೈದುನನ ತಲೆ ತಪ್ಪಿ ಇವನಿಗೆ ಬಿದ್ದಿತ್ತು. ಉಪ್ಪಿನ ಮಾತು ತನ್ನದೆಂದು ಇವನಿಗೆ ಗೊತ್ತಿರಲಿಲ್ಲ, ಅವಳು ಹೇಳಲೂ ಇಲ್ಲ. ಒಳಗೆ ಹೋಗಿ, ಟ್ರಂಕಿನ ತಳದಿಂದ ತನ್ನದೇ ಆದ ಸಿಲ್ವರ್ ನೈಟ್ರೇಟಿನ ಕಂದು ಬಣ್ಣದ ಪುಟ್ಟ ಬಾಟಲಿ ತೆಗೆದುಕೊಂಡಳು.

"ನಡೀರಿ ಮೇಸ್ತ್ರಿ," ಎಂದಳು. ದಾರಿಯಲ್ಲಿ ಬ್ಯಾಟರಿ ಅಂಗಡಿಯಿಂದ ಬಟ್ಟಿ ಇಳಿಸಿದ ನೀರಿನ ಬಾಟಲಿಯನ್ನೂ ಕೊಂಡಳು.

ನೃತ್ಯಶಾಲೆಯಲ್ಲಿ ಟೀಚರ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಕನ್ನಡಿ ಕೊಡಿಸಿದ್ದ ಹಿರಿಯ ವ್ಯಾಪಾರಿಯೂ ಬಂದಿದ್ದ. ಮೈದುನ ಒಂದು ಕನ್ನಡಿ ಇಳಿಸುತ್ತಿದ್ದ. ಓರಗಿತ್ತಿ ನೆಲದ ಮೇಲೆ ಹಳೇ ಪತ್ರಿಕೆ ಹಾಸುತ್ತಿದ್ದಳು. ಇವಳನ್ನು ನೋಡಿ ಮೈದುನನ ಕೈ ನಿಂತಿತು.

"ಟೀಚರ್, ಎರಡು ಗಾಜಿನ ಲೋಟ ಕೊಡ್ತೀರಾ?" ಎಂದಳು ಕನ್ನಡಿಯಕ್ಕ. "ಒಂದು ಖಾಲಿ. ಒಂದರಲ್ಲಿ ನಲ್ಲಿ ನೀರು."

ಖಾಲಿ ಲೋಟಕ್ಕೆ ತಾನು ತಂದ ನೀರು ಸುರಿದಳು. ಪುಟ್ಟ ಬಾಟಲಿಯಿಂದ ಎರಡಕ್ಕೂ ಮೂರು ಮೂರು ಹನಿ ಬಿಟ್ಟಳು. ಒಂದು ಲೋಟ ಹಾಗೇ ತಿಳಿಯಾಗಿ ಉಳಿಯಿತು. ಇನ್ನೊಂದರಲ್ಲಿ ಬಿಳಿ ಮೋಡ ಹುಟ್ಟಿ, ಹರಡಿ, ನೀರೆಲ್ಲ ಹಾಲು ಬೆರೆಸಿದಂತಾಯಿತು.

"ಎರಡರಲ್ಲೂ ಬೆಳ್ಳಿನೇ ಇದೆ," ಎಂದಳು. "ಈ ಕಡೆ ಅದು ನಾವು ಹೇಳಿದ ಹಾಗೆ ಕೇಳತ್ತೆ. ಆ ಕಡೆ ನೀರಲ್ಲಿರೋ ಉಪ್ಪು ಅದನ್ನ ಹಿಡ್ಕೊಂಡುಬಿಟ್ಟಿದೆ. ನಿಮ್ಮ ಕನ್ನಡಿ ಹಿಂದೆ ಇರೋದು ಇದು. ಮೇಸ್ತ್ರಿ ಅಂಚು ಕೆಟ್ಟಿದ್ರೆ ಕಲೆ ಅಂಚಿನಿಂದ ಒಳಗೆ ಬರಬೇಕಿತ್ತು. ನೋಡಿ, ಅಂಚೆಲ್ಲ ಚೊಕ್ಕ ಇದೆ. ಎದ್ದಿರೋದು ನಟ್ಟನಡುವೆ."

ಟೀಚರ್ ಕನ್ನಡಿಯ ಹತ್ತಿರ ಹೋಗಿ ಅಂಚಿನ ಮೇಲೆ ಬೆರಳಾಡಿಸಿದರು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, "ತಪ್ಪಾಯ್ತು ಯಜಮಾನರೇ," ಎಂದರು.

ಮೈದುನನ ಮುಖ ಕೆಂಪೇರಿತು. "ಉಪ್ಪು ನೀರಲ್ಲಿ ತೊಳೀರಿ ಅಂತ ಹೇಳಿಕಳಿಸಿದ್ದೇ ನೀವಲ್ವಾ ಅತ್ತಿಗೆ? ಈಗ ಇಲ್ಲಿ ಬಂದು ನಾಟಕ ಆಡ್ತೀರಾ?"

ಇಡೀ ಕೋಣೆ ಅವಳ ಕಡೆ ತಿರುಗಿತು. ಅವಳು ಅವಸರಪಡಲಿಲ್ಲ. "ಗಾಜಿಗೆ ಉಪ್ಪಾ? ಕನ್ನಡಿ ಕೆಲಸ ಬಲ್ಲವರು ಯಾರಾದ್ರೂ ಹಾಗೆ ಮಾಡ್ತಾರೇನಪ್ಪ?"

ಹಿರಿಯ ವ್ಯಾಪಾರಿ ಮಧ್ಯೆ ಬಾಯಿ ಹಾಕಿದ. "ತಡಿ, ತಡಿ. ಕೆಲಸ ನಿನಗೆ ಗೊತ್ತು ಅಂದಿದ್ದೆ. ಹಾಗಾದ್ರೆ ಇವರ ಹತ್ರ ಕೇಳಿಕಳಿಸಿದ್ದು ಯಾಕೆ?"

ಮೈದುನ ಕೈಯಲ್ಲಿದ್ದ ಕನ್ನಡಿಯನ್ನು ಗೋಡೆಗೆ ಒರಗಿಸಿದ. ಈ ಗಳಿಗೆಯನ್ನು ಅವಳು ಎಷ್ಟು ದಿನ ಮನಸ್ಸಿನಲ್ಲಿ ಕಟ್ಟಿಕೊಂಡು ಕೂತಿದ್ದಳೋ. ಬಂದಾಗ ಅದು ಅಂದುಕೊಂಡಷ್ಟೇ ರುಚಿಯಾಗಿತ್ತು. ಆದರೆ ಅವನು ಹೆಂಡತಿಯ ಕಡೆ ತಿರುಗಿದ.

"ಏನು ಕೇಳಿಸ್ಕೊಂಡು ಬಂದೆ ನೀನು? ಕಿವಿ ನೆಟ್ಟಗಿಲ್ವಾ ನಿಂಗೆ?"

ಓರಗಿತ್ತಿ ಪತ್ರಿಕೆ ಕೈಯಲ್ಲಿ ಹಿಡಿದು ಮೊಣಕಾಲ ಮೇಲಿದ್ದಳು. ತಲೆಯೆತ್ತಿ ಕನ್ನಡಿಯಕ್ಕನನ್ನೇ ನೋಡಿದಳು. ಸುತ್ತಲಿನ ಇಪ್ಪತ್ತಮೂರು ಕನ್ನಡಿಗಳಲ್ಲೂ ಅವಳ ಆ ನೋಟವೇ ಇತ್ತು. ಆಮೇಲೆ, "ನಂಗೇ ತಪ್ಪಾಗಿ ಕೇಳಿಸಿರಬೇಕು," ಎಂದಳು.

ಕನ್ನಡಿಯಕ್ಕ ಸುಮ್ಮನಿದ್ದಳು. ನಿಜ ಹೇಳಿದರೆ ಮೈದುನ ಗೆದ್ದಂತಾಗುತ್ತಿತ್ತು, ಅದೊಂದನ್ನು ಅವಳಿಂದ ಸಹಿಸಲಾಗುತ್ತಿರಲಿಲ್ಲ.

ಟೀಚರ್ ಇಪ್ಪತ್ತನಾಲ್ಕು ಗಾಜುಗಳನ್ನೂ ಅವಳಿಗೇ ಒಪ್ಪಿಸಿದರು. ದರ್ಜಿಯ ಹಿತ್ತಿಲ ಶೆಡ್ಡಿನಲ್ಲಿ ಹಳೇ ಬೆಳ್ಳಿ ಕೆರೆದು, ಬಟ್ಟಿನೀರಲ್ಲಿ ತೊಳೆದು, ಅವಳು ಮತ್ತೆ ಮಾಡಿಕೊಟ್ಟಳು. ಮೇಸ್ತ್ರಿ ತನ್ನ ಕಲ್ಲುಗಳೊಂದಿಗೆ ಅಲ್ಲಿಗೇ ಬಂದ. ವ್ಯಾಪಾರಿಗಳು ಒಬ್ಬೊಬ್ಬರಾಗಿ ಇತ್ತ ತಿರುಗಿದರು. ವರ್ಷ ತುಂಬುವುದರೊಳಗೆ ಮೈದುನ ಕಾರ್ಖಾನೆ ಮುಚ್ಚಿ, ಕಿಟಕಿಗೆ ಗಾಜು ಕೂರಿಸುವವನ ಬಳಿ ಕೆಲಸಕ್ಕೆ ಸೇರಿದ. ಆ ಅಂಗಡಿ ಅವಳ ದಾರಿಯಲ್ಲಿರಲಿಲ್ಲ. ಆದರೂ ಅವಳು ಎರಡು ಬೀದಿ ಸುತ್ತು ಹಾಕಿ ಅದರ ಮುಂದೆಯೇ ಹೋಗುತ್ತಿದ್ದಳು, ನಿಧಾನಕ್ಕೆ, ಅವನು ಬಾಗಿ ಗಾಜು ಎತ್ತುವುದು ಕಾಣುವ ಹೊತ್ತಿಗೆ.

"ಇನ್ನೂ ಆರಿಲ್ವಾ ಅಕ್ಕ ನಿಮಗೆ?" ಎಂದು ಮೇಸ್ತ್ರಿ ಒಮ್ಮೆ ಕೇಳಿದ.

"ಇಲ್ಲ," ಎಂದಳು.

ಹೀಗಿರುವಾಗ ಒಂದು ದಿನ ಓರಗಿತ್ತಿ ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ಮನೆಯಲ್ಲಿ ಕಷ್ಟವಿದೆ, ಏನಾದರೂ ಕೆಲಸ ಇದ್ದರೆ ಮಾಡುತ್ತೇನೆ ಎಂದಳು. ಕನ್ನಡಿಯಕ್ಕ ಅವಳಿಗೆ ಸ್ಟೂಲು ಎಳೆದುಕೊಟ್ಟಳು, ಬಾಟಲಿಗಳನ್ನು ಒಂದೊಂದಾಗಿ ತೋರಿಸಿದಳು. ಓರಗಿತ್ತಿಯ ಕೈ ಚುರುಕು, ಕಣ್ಣು ಇನ್ನೂ ಚುರುಕು. ಹದಿನೈದು ದಿನದಲ್ಲಿ ಸಕ್ಕರೆ ನೀರಿನ ಹದ ಹಿಡಿದಳು. ಯಾವುದರ ಜೊತೆ ಯಾವುದು ಸೇರಿದರೆ ಏನಾಗುತ್ತದೆ ಎಂದು ಬಿಡದೆ ಕೇಳುತ್ತಿದ್ದಳು, ಕೇಳಿದ್ದನ್ನೆಲ್ಲ ತಾನೇ ಬರೆದಿಟ್ಟುಕೊಳ್ಳುತ್ತಿದ್ದಳು. ಹಾಗೆ ಬರೆಯುತ್ತ ಬರೆಯುತ್ತ ಬೆಳ್ಳಿ ಮತ್ತು ಕ್ಲೋರಿನ್ ಬಂದ ದಿನ ಅವಳ ಪೆನ್ನು ನಿಂತಿತು.

"ಅಕ್ಕ, ಅವತ್ತು ಉಪ್ಪು ಅಂದದ್ದು ನೀನೇ. ನಂಗೆ ಸರಿಯಾಗೇ ಕೇಳಿಸಿತ್ತು ಅಲ್ವಾ?"

ಮೇಸ್ತ್ರಿಯ ಚಕ್ರ ಆ ಹೊತ್ತಿಗೆ ನಿಂತಿತ್ತು. ಅವನೂ ಕೇಳಿಸಿಕೊಂಡ. ಸುಳ್ಳು ಹೇಳಬಹುದಿತ್ತು, ಒಂದು ಸಲ ಹೇಳಿ ಅಭ್ಯಾಸವಾಗಿತ್ತು.

"ಹೌದು," ಎಂದಳು ಕನ್ನಡಿಯಕ್ಕ. "ಸರಿಯಾಗೇ ಕೇಳಿಸಿತ್ತು."

"ಅವತ್ತು ಮನೆಗೆ ಹೋದ ಮೇಲೆ ಏನಾಯ್ತು ಅಂತ ಗೊತ್ತಾ ನಿಂಗೆ? ತಿಂಗಳುಗಟ್ಟಲೆ ಅವರು ನನ್ನ ಜೊತೆ ಮಾತಾಡಲಿಲ್ಲ. ಎದುರಿಗೆ ಯಾರೇ ಬರಲಿ, ಕಿವುಡಿ ಅಂತಲೇ ತೋರಿಸ್ತಿದ್ರು."

"ಅವನಿಗೆ ಮಾಡಿದ್ದಕ್ಕೆ ನನಗೆ ಬೇಜಾರಿಲ್ಲ. ಇನ್ನೊಂದು ಸಲ ಬೇಕಾದ್ರೂ ಮಾಡ್ತೀನಿ. ನಿನ್ನನ್ನ ಮಧ್ಯೆ ತಂದದ್ದು..."

ಓರಗಿತ್ತಿ ಪುಸ್ತಕ ಮುಚ್ಚಿ, ಕೈ ತೊಳೆದು ಹೊರಟುಹೋದಳು. ಮೇಸ್ತ್ರಿಯೂ ಆ ದಿನ ಚಹಾ ಕುಡಿಯಲಿಲ್ಲ.

ಹನ್ನೊಂದು ದಿನ ಅವಳು ಬರಲಿಲ್ಲ. ಹನ್ನೆರಡನೆಯ ದಿನ ಬಂದಳು, ಬಂದವಳೇ ಏಪ್ರನ್ ಕಟ್ಟಿಕೊಂಡು ಕೆಲಸಕ್ಕೆ ಕೂತಳು. ಆ ಹೊತ್ತಿಗೆ ಕನ್ನಡಿಯಕ್ಕ ಒಂದು ದೊಡ್ಡ ಗಾಜಿಗೆ ಬೆಳ್ಳಿ ಸುರಿಯಲು ಸಿದ್ಧಳಾಗಿದ್ದಳು. "ನೀರು ಎಂಥದ್ದು ಅಂತ ನಾನೊಂದು ಸಲ ನೋಡ್ತೀನಿ, ತಡೀರಿ," ಎಂದಳು ಓರಗಿತ್ತಿ. ಎದ್ದು ಹೋಗಿ ಪುಟ್ಟ ಲೋಟಕ್ಕೆ ನೀರು ಹಿಡಿದು, ಬಾಟಲಿಯಿಂದ ಒಂದು ಹನಿ ಬಿಟ್ಟು, ಕಿಟಕಿಯ ಬೆಳಕಿಗೆ ಎತ್ತಿ ನೋಡಿದಳು. ತಿಳಿಯಾಗಿತ್ತು.

"ಸರಿ, ಸುರೀರಿ," ಎಂದಳು.

ಕನ್ನಡಿಯಕ್ಕ ಸುರಿದಳು. ಇವತ್ತಿಗೂ ಆ ಶೆಡ್ಡಿನಲ್ಲಿ ಇಬ್ಬರೂ ಎದುರುಬದುರು ನಿಂತು ಕೆಲಸ ಮಾಡುತ್ತಾರೆ, ಒಳ್ಳೆಯ ಕನ್ನಡಿ ಮಾಡುತ್ತಾರೆ. ಪ್ರತಿ ಬಾರಿಯೂ ಓರಗಿತ್ತಿ ನೀರನ್ನು ತಾನೇ ಪರೀಕ್ಷೆ ಮಾಡುತ್ತಾಳೆ. ಕನ್ನಡಿಯಕ್ಕ ಆ ಹನಿ ಬೀಳುವವರೆಗೆ ಕೈ ಕಟ್ಟಿ ಕಾಯುತ್ತಾಳೆ, ಬೇಡ ಎಂದು ಒಂದು ದಿನವೂ ಅಂದಿಲ್ಲ.